ಮೂರು ಬೊಡ್ಡೆಗಳ ಬೆಂಕಿ

ಕಾಡಿಗೆ ಬೆಂಕಿ ಬೀಳದಂತೆ ಕಾಯುವುದು ನನ್ನ ಕೆಲಸ. ಅದೇ ನಾನು ವರ್ಷಕ್ಕೊಮ್ಮೆ ಮುಂದೆ ನಿಂತು ಕಾಡಿಗೆ ಬೆಂಕಿ ಹಚ್ಚಿಸುತ್ತೇನೆ ಎಂದರೆ ನಂಟರಿಗೆಲ್ಲ ನಗು. ಬಾರ್ಕೂರಿನ ನಮ್ಮ ಕಡೆ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಒಬ್ಬರಾದರೂ, "ಎಂತ ಮರಾಯಾ, ಈ ವರ್ಷ ಎಷ್ಟ್ ಗುಡ್ಡಿ ಸುಟ್ಟೆ?" ಎಂದು ಕೇಳದೆ ಬಿಡುವುದಿಲ್ಲ. ಮೊದಮೊದಲು ಎಲೆ ಬಿಟ್ಟು ಏಳುವಷ್ಟು ಸಿಟ್ಟು ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈಗ ಹೇಳಹೊರಟಿರುವುದೂ ಆ ಸಿಟ್ಟು ಮಾಡಿದ ಒಂದು ಅನಾಹುತವನ್ನೇ, ಮತ್ತು ಅದರಿಂದ ನನ್ನನ್ನು ಪಾರುಮಾಡಿದ ಒಬ್ಬ ಹೆಂಗಸಿನ ವಿಷಯವನ್ನು.

ಬೈಂದೂರು ಕಡೆಯ ಗುಡ್ಡಗಳಲ್ಲಿ ಮಳೆ ನಿಂತ ಮೇಲೆ ಮುಳಿಹುಲ್ಲು ಸೊಂಟದೆತ್ತರ ಬೆಳೆದು ನಿಂತಲ್ಲೇ ಒಣಗುತ್ತದೆ. ಮಾರ್ಚಿನಲ್ಲಿ ಯಾರೋ ಒಬ್ಬ ಬೀಡಿ ಎಸೆದು ಹೋದರೆ ಮುಗಿಯಿತು, ಗುಡ್ಡಕ್ಕೆ ಗುಡ್ಡವೇ ಉರಿದುಹೋಗುತ್ತದೆ. ಅದಕ್ಕೇ ನಾವು ಜನವರಿಯಲ್ಲೇ, ಹುಲ್ಲಿನ ಬುಡದಲ್ಲಿ ಇಬ್ಬನಿಯ ಪಸೆ ಇನ್ನೂ ಇರುವಾಗ, ಗುಡ್ಡದ ಅಂಚಿನ ಒಂದು ಪಟ್ಟಿಯನ್ನು ಹದವಾಗಿ ಸುಟ್ಟುಬಿಡುತ್ತೇವೆ. ಬೇಸಿಗೆಯ ದೊಡ್ಡ ಬೆಂಕಿ ಬಂದರೂ ಆ ಕಪ್ಪು ಪಟ್ಟಿಯಲ್ಲಿ ತಿನ್ನಲು ಏನೂ ಸಿಗದೆ ಅಲ್ಲಿಗೇ ನಿಲ್ಲುತ್ತದೆ. ಈ ಕೆಲಸಕ್ಕೆ ಪ್ರತಿ ವರ್ಷ ನಾಲ್ಕು ತಿಂಗಳ ಮಟ್ಟಿಗೆ ಊರಿನ ಜನರನ್ನು ತೆಗೆದುಕೊಳ್ಳುತ್ತಾರೆ. ಅವರಿಗೆ ಕಲಿಸುವುದು ಅರಣ್ಯ ಇಲಾಖೆಯ ಗಾರ್ಡ್ ಆದ ನನ್ನ ಪಾಲಿಗೆ ಬಂದಿದೆ.

ಆ ವರ್ಷ ನನಗೆ ಸಿಕ್ಕಿದ್ದು ಎಂಟು ಜನ. ಏಳು ಮಂದಿ ಗುಡ್ಡದ ಆಚೀಚೆಯ ಬೇಸಾಯದ ಮನೆಗಳ ಗಂಡಸರು. ಎಂಟನೆಯವರು ಕಡಲ ಕರೆಯ ಮೀನುಗಾರರ ಮನೆಯ ಹೆಂಗಸು, ಪ್ರಾಯ ನಲವತ್ತೈದರ ಆಸುಪಾಸು. ಇಪ್ಪತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು, ಬೈಗೆ, ಬಂಗುಡೆ ಮೀನು ಮಾರಿಕೊಂಡು, ಈ ಗುಡ್ಡದ ಬುಡದ ಒಂದೊಂದು ಮನೆಯ ಅಂಗಳವನ್ನೂ ತುಳಿದವರು. ಈಗ ಮೀನಿನ ಟೆಂಪೋ ಹಾರ್ನ್ ಹೊಡೆಯುತ್ತ ಮನೆ ಬಾಗಿಲಿಗೇ ಬರುತ್ತದೆ. ಬುಟ್ಟಿಯವರಿಗಾಗಿ ಯಾರೂ ಕಾಯುವುದಿಲ್ಲ.

ಮೊದಲ ದಿನವೇ ಅವರು ನನ್ನ ಎದುರು ನಿಂತು ನೇರವಾಗಿ ಹೇಳಿದರು: "ಸರ್, ನಾನ್ ನಾಕ್ ತಿಂಗ್ಳ್ ಕೆಲ್ಸಕ್ಕ್ ಬಂದದ್ದಲ್ಲ. ತಂಡದ್ ಲೀಡರ್ ಆದ್ರೆ ವರ್ಷ ಪೂರ್ತಿ ಕೆಲ್ಸ ಇತ್ತಂಬ್ರ್ ಅಲ್ದಾ? ನಂಗ್ ಅದ್ ಬೇಕ್."

ಅವರು ಕೇಳಿಬಂದದ್ದು ನಿಜವೇ. ಎಂಟು ಜನರಲ್ಲಿ ಒಬ್ಬರನ್ನು ಲೀಡರ್ ಎಂದು ಉಳಿಸಿಕೊಳ್ಳುತ್ತಾರೆ. ಮಳೆಗಾಲದಲ್ಲಿ ನರ್ಸರಿ, ಆಮೇಲೆ ಗಸ್ತು, ಚಳಿಗಾಲಕ್ಕೆ ಮತ್ತೆ ಬೆಂಕಿ ಕೆಲಸ ಎಂದು ಹನ್ನೆರಡು ತಿಂಗಳೂ ಕೈಗೆ ಕೆಲಸ. ಯಾರನ್ನು ಉಳಿಸಿಕೊಳ್ಳಬೇಕು ಎಂಬುದನ್ನು ನಾನು ಬರೆದುಕೊಡಬೇಕು. ನಾನು ಬರೆದ ಹೆಸರನ್ನು ಮೇಲಿನವರು ತೆಗೆದುಹಾಕಿದ್ದಿಲ್ಲ.

ನನಗೆ ಒಳಗೊಳಗೇ ನಗು ಬಂತು. ಮೀನು ಮಾರಿದವರಿಗೆ ಬೆಂಕಿಯ ಕೆಲಸ ಒಗ್ಗೀತೇ ಎಂದುಕೊಂಡೆ. "ಮೊದ್ಲ್ ಈ ನೈಲಾನ್ ಸೀರೆ ಬಿಟ್ಟ್ ಹತ್ತಿ ಬಟ್ಟೆ ಹಾಕ್ಕಂಡ್ ಬಾ, ಮತ್ತ್ ಕಾಂಬ" ಎಂದೆ. ಮರುದಿನ ಗಂಡನ ಹತ್ತಿ ಅಂಗಿ, ಪ್ಯಾಂಟು ಹಾಕಿಕೊಂಡು, ತಲೆಗೊಂದು ಅಡಿಕೆಯ ಹಾಳೆ ಟೊಪ್ಪಿ ಇಟ್ಟುಕೊಂಡು ಬಂದರು. ಏಳು ಗಂಡಸರೂ ಕಿಸಕ್ಕೆಂದರು. "ನೆಗಾಡಿ ನೆಗಾಡಿ. ಬೆಂಕಿ ಬಂದ್ರೆ ನಿಮ್ ಲುಂಗಿಯೇ ಮೊದ್ಲ್ ಹಿಡಿತ್ತ್" ಎಂದು ಅವರು ನಮ್ಮ ಕಡೆ ಹಾರೆ ಎನ್ನುವ ಗುದ್ದಲಿಯನ್ನು ಹೆಗಲಿಗೇರಿಸಿದರು. ಸಂಜೆಗೆ ಆ ಏಳು ಮಂದಿಯ ಲುಂಗಿಗಳನ್ನೂ ನಾನು ಬಂದ್ ಮಾಡಿಸಿದೆ.

ಬೆಂಕಿ ಹಚ್ಚುವುದನ್ನು ಕಲಿಸುವ ಮೊದಲ ಎರಡು ವಾರ ನಾನು ಯಾರ ಕೈಗೂ ಬೆಂಕಿಪೊಟ್ಟಣ ಕೊಡುವುದಿಲ್ಲ. ಸುಡುವ ಪಟ್ಟಿಯ ಮೇಲಂಚು, ಕೆಳಅಂಚು ಎರಡರಲ್ಲೂ ಹುಲ್ಲು ಸವರಿ, ತರಗೆಲೆ ಗುಡಿಸಿ, ನೆಲ ಕಾಣುವ ಹಾಗೆ ದಾರಿ ಮಾಡುವುದು. ಓಡಬೇಕಾಗಿ ಬಂದರೆ ಯಾವ ಕಡೆ ಓಡುವುದು ಎಂದು ನಡೆದು ನೋಡುವುದು. ಬೆಂಕಿಯ ಹತ್ತಿರ ಯಾರೂ ಒಬ್ಬರೇ ಇರಬಾರದು ಎಂದು ದಿನಕ್ಕೆ ಹತ್ತು ಸಲ ಹೇಳುವುದು. ಇಂಥ ಕೆಲಸದಲ್ಲಿ ಜನಕ್ಕೆ ಬೇಸರ ಬರುತ್ತದೆ. ನಮ್ಮ ಗಂಡಸರು ಮೂರನೆಯ ದಿನಕ್ಕೇ ಬೀಡಿ ಸೇದಲು ಜಾಗ ಹುಡುಕತೊಡಗಿದ್ದರು. ಆ ಹೆಂಗಸು ಮಾತ್ರ ಅಂಗಳ ಗುಡಿಸಿದಷ್ಟು ಚೊಕ್ಕವಾಗಿ ಗುಡ್ಡ ಗುಡಿಸುತ್ತಿದ್ದರು.

ಆಮೇಲೆ ಅವರ ಗಂಟಲು. ಗುಡ್ಡದ ಈ ತುದಿಯಿಂದ ಆ ತುದಿಗೆ ಸುದ್ದಿ ಮುಟ್ಟಿಸಲು ಇಲಾಖೆ ಸೀಟಿ ಕೊಟ್ಟಿತ್ತು. ಹುಲ್ಲು ಉರಿಯುವ ಚಟಪಟ ಸದ್ದಿನಲ್ಲಿ ಸೀಟಿ ಯಾರಿಗೂ ಕೇಳುವುದಿಲ್ಲ ಎಂದು ನನಗೆ ಹಿಂದೆಯೇ ಗೊತ್ತಿತ್ತು. ಒಂದು ದಿನ ಅವರು ಕೆಳಗಿನಿಂದ "ಹ್ವಾಯ್!" ಎಂದು ಕೂಗಿದರು ನೋಡಿ, ಮೇಲೆ ಕೂತಿದ್ದ ನಾವು ಮೂವರೂ ಒಟ್ಟಿಗೇ ಎದ್ದು ನಿಂತೆವು. ಇಪ್ಪತ್ತು ವರ್ಷ ಗದ್ದೆಯಾಚೆಯ ಮನೆಗೆ ಕೇಳುವ ಹಾಗೆ ಮೀನು ಕೂಗಿದ ಗಂಟಲು ಅದು. ಅಂದಿನಿಂದ ಸೀಟಿ ಮೂಲೆಗೆ ಹೋಯಿತು. ಒಂದು ಹ್ವಾಯ್ ಎಂದರೆ ಎಲ್ಲಿದ್ದೀರಿ, ಎರಡು ಎಂದರೆ ಬನ್ನಿ, ಮೂರು ಎಂದರೆ ಎಲ್ಲ ಬಿಟ್ಟು ಓಡಿ ಎಂದು ನಾವು ನಿಯಮ ಮಾಡಿಕೊಂಡೆವು.

ಗಾಳಿಯ ವಿಷಯದಲ್ಲಂತೂ ನಾನೇ ಅವರ ಶಿಷ್ಯನಾದೆ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಬೀಸುತ್ತದೆ, ಹೊತ್ತೇರಿದ ಮೇಲೆ ತಿರುಗಿ ಕಡಲಿನಿಂದ ಬೀಸುತ್ತದೆ. ಆ ತಿರುಗುವ ಗಳಿಗೆಗೆ ಮೊದಲೇ ನಮ್ಮ ಬೆಂಕಿ ಆರಿರಬೇಕು. ನಾನು ಗಡಿಯಾರ ನೋಡಿ ಹೇಳುತ್ತಿದ್ದೆ. ಅವರು ಕೆಲಸ ಮಾಡುತ್ತಿದ್ದಲ್ಲೇ ತಲೆ ಎತ್ತಿ, "ಗಾಳಿ ಸತ್ತ್ ಹೋಯ್ತ್ ಸರ್. ಇನ್ನ್ ಅರ್ಧ ಗಂಟಿಯಗೆ ಕಡ್ಲ್ ಗಾಳಿ ಬತ್ತ್" ಎನ್ನುತ್ತಿದ್ದರು. ದೋಣಿ ಬರುವುದನ್ನು ಕಾಯುತ್ತ ದಡದಲ್ಲಿ ಕೂತು ಕಲಿತದ್ದಂತೆ. ಒಂದು ದಿನವೂ ಅವರ ಮಾತು ತಪ್ಪಲಿಲ್ಲ. ಲೀಡರ್ ಎಂದು ಬರೆಯುವುದಾದರೆ ಇವರ ಹೆಸರನ್ನೇ ಎಂದು ನಾನು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿದ್ದೆ.

ಜನವರಿಯ ಕೊನೆಯಲ್ಲಿ ಒಂದು ಗುಡ್ಡದ ಪಟ್ಟಿ ಸುಡಲು ಹೋದೆವು. ಗುಡ್ಡದ ಮೂಡು ಬದಿಯ ಬುಡದಲ್ಲಿ ನಾಲ್ಕು ಮನೆ, ಅಂಗಳಗಳಲ್ಲಿ ಹೊಸ ಹುಲ್ಲು ಒಟ್ಟಿದ ಕುತ್ರಿಗಳು, ಹೂ ಬಿಟ್ಟ ಗೇರು ಮರಗಳು. ಬೆಳಗಿನ ಗಾಳಿ ಆ ಮನೆಗಳ ಕಡೆಯಿಂದ ಗುಡ್ಡದ ಮೇಲಕ್ಕೆ ಬೀಸುತ್ತಿತ್ತು. ನಾವು ಪಟ್ಟಿಯ ಮೇಲಂಚಿನಲ್ಲಿ ದೊಂದಿ ಹಿಡಿದು ಹಚ್ಚಿಕೊಂಡು ಹೋದೆವು. ಬೆಂಕಿ ಗಾಳಿಗೆ ಎದುರಾಗಿ, ಇಳಿಜಾರಿಗೆ ಮುಖ ಮಾಡಿ, ಬೇಡದ ಮನಸ್ಸಿನಿಂದ ಎಂಬಂತೆ ಒಂದೊಂದೇ ಗೇಣು ಕೆಳಗಿಳಿಯಿತು. ಮೊಣಕಾಲೆತ್ತರಕ್ಕಿಂತ ಮೇಲೆ ಏಳಲಿಲ್ಲ. ಹತ್ತು ಗಂಟೆಗೆ ಕೆಳಗಿನ ದಾರಿಗೆ ಬಂದು ತಾನಾಗಿ ಆರಿತು. ಅಷ್ಟು ಒಳ್ಳೆಯ ಬೆಂಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಂಟು ಜನರ ಬೆನ್ನನ್ನೂ ಒಂದೊಂದಾಗಿ ತಟ್ಟಿದೆ.

ಉಳಿದದ್ದು ಮೂರು ಒಣ ಬೊಡ್ಡೆ. ಎಂದೋ ಕಡಿದ ಮರಗಳ ಬುಡ, ಒಳಗೆ ಟೊಳ್ಳು. ಅವಕ್ಕೆ ಬೆಂಕಿ ಹಿಡಿದು ಕೆಂಡವಾಗಿದ್ದವು. ಬೆನ್ನಿನ ಪಂಪುಗಳಲ್ಲಿ ನೀರು ಮುಗಿದಿತ್ತು. ಅಂಥ ಬೊಡ್ಡೆಯನ್ನು ಅಗೆದು ಬಿಡಿಸಿ, ನೀರು ಹೊಯ್ದು, ಮುಟ್ಟಿ ನೋಡಿ ತಣ್ಣಗಾದ ಮೇಲೆಯೇ ಬಿಡಬೇಕು ಎಂದು ಇಲಾಖೆಯ ಪುಸ್ತಿಕೆಯಲ್ಲಿದೆ. ಅದನ್ನು ಅವರಿಗೆಲ್ಲ ಓದಿ ಹೇಳಿದವನು ನಾನೇ. ಆದರೆ ನಾನು ಹಾರೆ ತೆಗೆದುಕೊಂಡು ಆ ಮೂರಕ್ಕೂ ಮಣ್ಣು ಎಳೆದು, ರಾಶಿ ಮಾಡಿ, ಹಾರೆಯ ಬೆನ್ನಿನಿಂದ ತಟ್ಟಿ ತಟ್ಟಿ ನುಣ್ಣಗೆ ಮಾಡಿದೆ. ಹೊಗೆ ನಿಂತಿತು. ಏಳು ಗಂಡಸರೂ "ಚಂದ ಆಯ್ತ್" ಎಂದರು.

ನಮ್ಮ ಕೈಗೆ ಅದು ಹುಟ್ಟಿನಿಂದ ಬಂದದ್ದು. ಬೇಸಾಯದ ಮನೆಗಳಲ್ಲಿ ಸುಡುಮಣ್ಣು ಮಾಡುತ್ತೇವೆ. ತರಗೆಲೆ, ಕಸಕಡ್ಡಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಳಗೆ ಕಿಡಿ ಇಟ್ಟು ತಟ್ಟಿಬಿಟ್ಟರೆ ಅದು ದಿನಗಟ್ಟಲೆ ಒಳಗೊಳಗೇ ಬೆಂದು ತರಕಾರಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ಬೆಂಕಿ ಸಾಯಬಾರದು ಎಂದೇ ಅಲ್ಲಿ ಮಣ್ಣು ಮುಚ್ಚುವುದು. ಅದೇ ಕೈಚಳಕವನ್ನು ಬೆಂಕಿ ಕೊಲ್ಲಲು ಬಳಸಿದೆವಲ್ಲ! ಮಾತೆತ್ತಿದರೆ ಬೂದಿ ಮುಚ್ಚಿದ ಕೆಂಡ ಎನ್ನುವ ನಾವು, ನಾನೂ ಸೇರಿ ಎಂಟು ಜನ ಬೇಸಾಯದ ಗಂಡಸರು, ಒಬ್ಬರಿಗೂ ಅದು ಹೊಳೆಯಲಿಲ್ಲ.

ಹೊಳೆದದ್ದು ಗದ್ದೆಯೇ ಇಲ್ಲದ ಮನೆಯ ಆ ಹೆಂಗಸಿಗೆ.

"ಸರ್, ಇದ್ ಆರ್ಲಿಲ್ಲ" ಎಂದರು.

"ಹೊಗಿ ನಿಂತಿತ್ತಲ್ಲ, ಮತ್ತೆಂತ?"

"ಹೊಗಿ ನಿಂತದ್ದೇ ಹೆದ್ರಿಕಿ. ಒಂದ್ಸಲ ಈ ಕೆಳಗಿನ್ ಮನಿ ಅಂಗ್ಳದಗೆ ಸುಡುಮಣ್ಣಿನ್ ರಾಶಿ ಮೇಲ್ ಕಾಲಿಟ್ಟ್ ಹದಿನೈದ್ ದಿನ ಬುಟ್ಟಿ ಹೊರೂಕಾಯ್ಲಿಲ್ಲ ನಂಗೆ. ಆ ರಾಶಿ ಹಾಕಿ ನಾಕ್ ದಿನ ಆಯಿತ್. ನೀವ್ ಈಗ ಮಾಡದ್ದೂ ಅದೇ ಅಲ್ದಾ?"

ಏಳು ಜನರ ಎದುರು ಗುರುವಿಗೇ ತಿರುಮಂತ್ರ. ನನ್ನ ಕಿವಿ ಬಿಸಿಯಾಯಿತು. "ಅಜ್ಜಿಗ್ ಕೆಮ್ಮು ಕಲ್ಸೂಕ್ ಬರ್ಬೇಡ. ನಾನ್ ಹುಟ್ಟದ್ದೇ ಸುಡುಮಣ್ಣಿನ್ ಹೊಗಿಯಗೆ. ಇದ್ ಮೀನ್ ಬುಟ್ಟಿ ಅಲ್ಲ, ತಿಳೀತಾ?" ಎಂದುಬಿಟ್ಟೆ.

ಪಿಕಪ್ ಹತ್ತುವಾಗ ಅವರು, "ನಾನ್ ಕೆಳಗಿನ್ ಮನಿಗ್ ಹೋಯ್, ಮಾತಾಡ್ಸ್ಕಂಡ್ ಬಸ್ಸಗ್ ಬತ್ತೆ" ಎಂದು ಹಿಂದೆ ಉಳಿದರು. ಉಳಿದರೆ ಉಳಿಯಲಿ ಎಂದು ನಾನು ತಿರುಗಿಯೂ ನೋಡಲಿಲ್ಲ.

ಸೆಕ್ಷನ್ ಆಫೀಸಿಗೆ ಬಂದವನೇ ಲೀಡರ್ ಆಯ್ಕೆಯ ಫಾರಂ ತೆಗೆದೆ. ಅವರ ಹೆಸರಿನ ಎದುರು "ಹೇಳಿದ ಮಾತು ಕೇಳುವುದಿಲ್ಲ, ಲೀಡರ್ ಸ್ಥಾನಕ್ಕೆ ಯೋಗ್ಯರಲ್ಲ" ಎಂದು ದುಂಡಗೆ ಬರೆದು, ಇನ್ನೊಬ್ಬನ ಹೆಸರಿಗೆ ಗುರುತು ಹಾಕಿ, ಬೈಂದೂರಿನ ರೇಂಜ್ ಆಫೀಸಿಗೆ ಹೊರಟಿದ್ದ ಜೀಪಿನಲ್ಲಿ ಕಳಿಸಿಬಿಟ್ಟೆ. ಆಮೇಲೆ ಊಟಕ್ಕೆ ಕೂತೆ. ಆ ಹೊತ್ತಿನಲ್ಲಿ ನನಗೆ ಬಹಳ ಸಮಾಧಾನವಾಗಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಎರಡು ಗಂಟೆಯ ಸುಮಾರಿಗೆ ಆ ನಾಲ್ಕು ಮನೆಗಳ ಪೈಕಿ ಒಬ್ಬರ ಫೋನು ಬಂತು. "ಗಾರ್ಡ್ರೇ, ಗುಡ್ಡಿ ಮೇಲ್ ಹೊಗಿ ಕಾಣ್ತಿತ್ತ್." ಹೊರಗೆ ನೋಡಿದರೆ ಆಫೀಸಿನ ಎದುರಿನ ತೆಂಗಿನ ಗರಿಗಳು ಮೂಡು ದಿಕ್ಕಿಗೆ ಹಾರಾಡುತ್ತಿದ್ದವು. ಕಡಲ ಗಾಳಿ ಚೆನ್ನಾಗಿಯೇ ಬಿದ್ದಿತ್ತು. ಈಗ ಗುಡ್ಡದಿಂದ ಒಂದು ಕಿಡಿ ಹಾರಿದರೂ ಅದು ನೇರ ಆ ಕುತ್ರಿಗಳ ಮೇಲೆ. ಬೈಕ್ ಹತ್ತಿ ಹೇಗೆ ಹೋದೆನೋ ನೆನಪಿಲ್ಲ.

ಗುಡ್ಡ ಹತ್ತಿ ನೋಡಿದರೆ ಅದು ಹೊಗೆಯಲ್ಲ, ಹಬೆ. ನಾನು ನುಣ್ಣಗೆ ತಟ್ಟಿದ ಮೂರು ರಾಶಿಗಳಲ್ಲಿ ಎರಡನ್ನು ಬಗೆದು ಹರಡಿ, ನೀರು ಹೊಯ್ದು ಕೆಸರು ಮಾಡಲಾಗಿತ್ತು. ಮೂರನೆಯದನ್ನು ಆ ಹೆಂಗಸು ಆಗಷ್ಟೇ ಬಿಡಿಸುತ್ತಿದ್ದರು. ಹಾರೆ ತಾಗಿದಲ್ಲೆಲ್ಲ ಒಳಗೆ ಒಲೆಯ ಹಾಗೆ ಕೆಂಪು. ಬೇರಿನ ಜಾಡು ಹಿಡಿದು ಕೆಂಡ ಎರಡು ಮಾರು ಆಚೆಗೆ, ನಾವು ಗುಡಿಸಿದ ದಾರಿಯ ಅಡಿಯಿಂದ ದಾಟಿ, ಸುಡದೆ ಬಿಟ್ಟಿದ್ದ ಹುಲ್ಲಿನ ಬುಡದ ಹತ್ತಿರಕ್ಕೆ ಹೋಗಿತ್ತು. ಇನ್ನೊಂದು ಗೇಣು ಬಾಕಿ. ಅದರ ಕೆಳಗೆ ಇಳಿಜಾರು, ಇಳಿಜಾರಿನ ಕೆಳಗೆ ಮನೆಗಳು.

ಪಕ್ಕದಲ್ಲಿ ಕೆಳಗಿನ ಮನೆಯ ಮುದುಕಿ ಒಬ್ಬರು ಹಸಿ ಸೊಪ್ಪಿನ ಕೊಂಬೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಹ್ವಾಯ್ ಗಾರ್ಡ್ರೇ, ಬೆಂಕಿ ಹತ್ರ ಒಬ್ಳೇ ಇಪ್ಪೂಕಾಗ ಅಂದ್ ನೀವ್ ಹೇಳ್ಕೊಟ್ಟಿದ್ರಂಬ್ರ್. ಹಾಂಗಾಯ್ ನನ್ನನ್ನ್ ಎಳ್ಕಂಡ್ ಬಂದ್ಳ್. ಬಂಗುಡೆ ಕೊಟ್ಟ್ ಹೋತಿದ್ದಳ್, ಈಗ ಬೆಂಕಿ ಕಾವೂಕೆ ಕೂರ್ಸ್ಯಳ್" ಎಂದರು. ಅವರ ಬಾವಿಯಿಂದಲೇ ಆ ಹೆಂಗಸು ಕೊಡಪಾನದಲ್ಲಿ ನೀರು ಹೊತ್ತು, ಆ ಏರನ್ನು ಮಧ್ಯಾಹ್ನದ ಬಿಸಿಲಲ್ಲಿ ಎಷ್ಟು ಸಲ ಹತ್ತಿದ್ದರೋ. ತುಟಿ ಒಣಗಿ ಬಿಳುಚಿತ್ತು. ನನ್ನ ಬೈಗುಳವನ್ನು ನುಂಗಿಕೊಂಡು, ನನ್ನ ಪಾಠವನ್ನು ನನಗಿಂತ ಚೆನ್ನಾಗಿ ಪಾಲಿಸಿದ್ದರು.

ನಾನು ಏನೋ ಹೇಳಲು ಬಾಯಿ ತೆರೆದೆ. ಅವರು ತಲೆ ಎತ್ತದೆ ಕೊಡಪಾನವನ್ನು ನನ್ನ ಕಡೆ ತಳ್ಳಿದರು. "ಮಾತ್ ಮತ್ತ್ ಆಡುವ ಸರ್. ನೀರ್ ತನ್ನಿ."

ತಂದೆ. ಆ ಏರನ್ನು ಆರು ಸಲ ಹತ್ತಿದೆ, ಸಮವಸ್ತ್ರವೆಲ್ಲ ಒದ್ದೆಯಾಗಿ. ನಾಲ್ಕನೆಯ ಸಲಕ್ಕೆ ಮುದುಕಿ, "ಗಂಡ್ಸರಿಗ್ ತಲಿ ಮೇಲ್ ಹೊರೂಕ್ ಬತ್ತಿಲ್ಲ ಕಾಣ್" ಎಂದು ನಕ್ಕರು. ಬೇರಿನ ಜಾಡನ್ನು ಉದ್ದಕ್ಕೂ ಅಗೆದು, ಕೈಯಿಂದ ಮುಟ್ಟಿ ಮುಟ್ಟಿ ನೋಡಿ, ಎಲ್ಲವೂ ತಣ್ಣಗಾದಾಗ ಸಂಜೆಯಾಗಿತ್ತು.

ಇಳಿಯುವ ದಾರಿಯಲ್ಲಿ ಅವರು ಒಂದೇ ಒಂದು ಮಾತು ಕೇಳಿದರು. "ಸರ್, ಲೀಡರಿಗ್ ನನ್ ಹೆಸ್ರ್ ಬರೀತ್ರ್ಯಾ? ಬೆಳಿಗ್ಗಿ ಎದ್ರ್ ಮಾತಾಡ್ದೆ ಅಂದ್ ಬಿಡ್ಬೇಡಿ ಸರ್. ನಂಗ್ ಬೇರೆ ಕೆಲ್ಸ ಇಲ್ಲ."

"ಇನ್ನೂ ಬರೀಲಿಲ್ಲ" ಎಂದೆ. ಅದು ಶುದ್ಧ ಸುಳ್ಳು. ಅಷ್ಟು ಹೊತ್ತಿಗೆ ಫಾರಂ ರೇಂಜ್ ಸಾಹೇಬರ ಮೇಜಿನ ಮೇಲಿತ್ತು.

ಮರುದಿನ ಮೊದಲ ಬಸ್ಸಿಗೆ ಬೈಂದೂರಿಗೆ ಹೋದೆ. ಕೊಟ್ಟ ಫಾರಂ ವಾಪಸು ಬೇಕು ಎಂದೆ. ಸಾಹೇಬರು ಸಣ್ಣ ಪ್ರಾಯದವರು, ಒಳ್ಳೆಯವರು, ಆದರೆ ಕಾಗದದ ವಿಷಯದಲ್ಲಿ ಕಟ್ಟುನಿಟ್ಟು. "ನಿನ್ನೆ ಅಯೋಗ್ಯರು ಅಂತ ಬರೆದವರು ಇವತ್ತು ಯೋಗ್ಯರು ಅಂತೀರಿ. ಕಾರಣ ಬರೆದುಕೊಡಿ, ಬದಲಾಯಿಸೋಣ" ಎಂದರು. ಕಾರಣ ಬರೆಯುವುದೆಂದರೆ, ತರಬೇತಿ ಕೊಡುವ ಗಾರ್ಡೇ ಆರದ ಬೆಂಕಿಯನ್ನು ನಾಲ್ಕು ಮನೆಗಳ ನೆತ್ತಿಯ ಮೇಲೆ ಬಿಟ್ಟು ಊಟಕ್ಕೆ ಹೋದ ಎಂದು ನನ್ನ ಕೈಯಲ್ಲೇ ಬರೆಯಬೇಕು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ನನ್ನ ಮೇಲೆ ಒಂದು ಮೆಮೊ ಕೂಡ ಇರಲಿಲ್ಲ. ಹೊರಗೆ ಬಂದು ಹೋಟೆಲಿನಲ್ಲಿ ಚಾ ತೆಗೆದುಕೊಂಡೆ, ಕುಡಿಯಲಾಗಲಿಲ್ಲ. ಬೇರೆ ಏನಾದರೂ ಕಾರಣ ಹೊಂದಿಸಬಹುದೇ ಎಂದು ಯೋಚಿಸಿದೆ, ಅದನ್ನೂ ಮುಚ್ಚಿಡುವುದಿಲ್ಲ. ಯೋಚಿಸಿದಷ್ಟೂ ಆ ಹೆಂಗಸಿನ ಒಣಗಿದ ತುಟಿಯೇ ಕಣ್ಣೆದುರು ಬರುತ್ತಿತ್ತು. ಒಳಗೆ ಹೋಗಿ ಒಂದೂ ಬಿಡದೆ ಬರೆದುಕೊಟ್ಟೆ.

ಮೆಮೊ ಬಂತು, ಅವರಿಗೆ ಲೀಡರ್ ಕೆಲಸವೂ ಬಂತು. ಸುದ್ದಿ ಹೇಳಿದಾಗ ಅವರು ಹಾಳೆ ಟೊಪ್ಪಿ ತೆಗೆದು ಕಣ್ಣೊರೆಸಿಕೊಂಡರು. ಮೆಮೊ ವಿಷಯ ನಾನು ಹೇಳಲಿಲ್ಲ. ಹೇಗೋ ಅವರ ಕಿವಿಗೆ ಬಿದ್ದಿತ್ತು ಎಂದು ಗೊತ್ತಾದದ್ದು ಮರುವರ್ಷ.

ಮರುವರ್ಷದ ಹೊಸ ತಂಡಕ್ಕೆ ಬೆಂಕಿ ಆರಿಸುವ ಪಾಠವನ್ನು ಅವರಿಗೇ ಬಿಟ್ಟುಕೊಟ್ಟೆ. ಹತ್ತು ಜನ ಗುಡ್ಡದ ಮೇಲೆ ಸುತ್ತ ಕೂತಿದ್ದರು, ನಾನು ಹಿಂದೆ. ಅವರು ಒಂದು ಸುಟ್ಟ ಬೊಡ್ಡೆಯ ಎದುರು ನಿಂತು, ಹೋದ ವರ್ಷದ ಕಥೆಯನ್ನು ಪೂರ್ತಿ ಹೇಳಿದರು. ಮಣ್ಣು ತಟ್ಟಿದ್ದು, ಬೇರಿನೊಳಗೆ ಕೆಂಡ ಹರಿದದ್ದು, ಒಂದು ಗೇಣು ಉಳಿದದ್ದು. ತಟ್ಟಿದವರು ಯಾರೆಂದು ಮಾತ್ರ ಹೇಳಲಿಲ್ಲ.

ಹೊಸಬನೊಬ್ಬ ಕೇಳಿಯೇಬಿಟ್ಟ. "ಅಷ್ಟ್ ದೊಡ್ಡ್ ತಪ್ಪ್ ಮಾಡದ್ದ್ ಯಾರಕ್ಕಾ?"

"ಯಾರಾರೆಂತ? ಅವ್ರಿಗ್ ಮೆಮೊ ಬಂದ್ ಆಯ್ತ್. ಬೇಸಾಯದ್ ಮನಿಯರ್ ಯಾರಾರೂ ಮಾಡ್ತ್ರ್, ನೀನೂ ಮಾಡ್ತೆ" ಎಂದರು ಅವರು, ನನ್ನ ಕಡೆ ಕಣ್ಣೂ ಹಾಯಿಸದೆ.

ಎಷ್ಟು ಸುಲಭವಾಗಿ ನನ್ನ ಮಾನ ಕಾಯುತ್ತಿದ್ದಾರೆ ಅನ್ನಿಸಿತು. ಮೀನ್ ಬುಟ್ಟಿ ಎಂದು ಏಳು ಜನರ ಎದುರು ನಾನು ಆಡಿದ ಮಾತಿಗೆ ಇನ್ನೂ ಉತ್ತರ ಕೊಡದವರು. ನಾನು ಎದ್ದು ನಿಂತೆ. "ಮಾಡದ್ದ್ ನಾನ್. ಇವ್ರ್ ಆರ್ಲಿಲ್ಲ ಅಂದ್ ಹೇಳ್ರೂ ಕೇಂಡಿಲ್ಲ, ಬೈದೆ" ಎಂದೆ.

ಹತ್ತು ಜನವೂ ತಿರುಗಿ ನನ್ನನ್ನು ನೋಡಿದರು. ಆ ಹೆಂಗಸು ಹಾರೆಯನ್ನು ನನ್ನ ಕಡೆ ಚಾಚಿದರು.

"ಹಾಂಗಾರೆ ಮುಂದ್ ಬನ್ನಿ ಸರ್. ಹ್ಯಾಂಗ್ ತಟ್ಟಿದ್ರಿ ಅಂದ್ ನೀವೇ ತೋರ್ಸಿ, ಮತ್ತ್ ನೀವೇ ಬಿಡ್ಸಿ. ನಾನ್ ಹೇಳದ್ಕಿಂತ ಇವ್ರಿಗ್ ಅದ್ ಲಾಯ್ಕ್ ಅರ್ಥ ಆತ್ತ್."

ನಾನು ಹೋಗಿ ಬೊಡ್ಡೆಗೆ ಮಣ್ಣೆಳೆದು ತಟ್ಟಿ ತೋರಿಸಿ, ಆಮೇಲೆ ಮಂಡಿಯೂರಿ ಕೂತು, ಹತ್ತು ಜನ ನೋಡುತ್ತಿದ್ದಂತೆ, ಮಣ್ಣು ಬಗೆಯತೊಡಗಿದೆ.